ಬಿಳಿಯಲ್ಲಿ ಎಷ್ಟು ಬಿಳಿ, ಸ್ವಾಮಿ?

ನಮ್ಮ ಕಾರಿಗೆ ಬಣ್ಣ ಹೊಡೆಸಲು ಎಷ್ಟಾಗುತ್ತದೆ ಎಂದು ವಿಚಾರಿಸಲು ಹೋದಾಗ ಟಿಂಕರಿಂಗ್ ಅಂಗಡಿಯವನು ಅದಕ್ಕೊಂದು ಪ್ರದಕ್ಷಿಣೆ ಹಾಕಿದ. ದೇವಸ್ಥಾನದ ಪ್ರದಕ್ಷಿಣೆಯಲ್ಲ, ಸಾವಿನ ಮನೆಗೆ ಬಂದವರು ಹಾಕುವಂಥದ್ದು. ಬಾನೆಟ್ಟನ್ನು ಉಗುರಿನಿಂದ ಕೆರೆದು, ಉದುರಿದ ಹುಡಿಯನ್ನು ಉಫ್ ಎಂದು ಊದಿ, "ಮೂವತ್ತೆರಡು ಸಾವಿರ" ಎಂದ. ಹಿಂದಿನ ವಾರವಷ್ಟೇ ಹಳೆಯ ಕಾರುಗಳ ವ್ಯಾಪಾರಿಯೊಬ್ಬ ಇಡೀ ಕಾರಿಗೆ, ಸ್ಟೆಪ್ನಿಯೂ ಸೇರಿ, ಮೂವತ್ತು ಸಾವಿರ ಹೇಳಿದ್ದ. ಮೂಗಿಗಿಂತ ಮೂಗುತಿ ಎರಡು ಸಾವಿರ ಭಾರ.

1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಮಾರುತಿ 800 ನಮ್ಮದು. 2003ರ ಗಾಡಿ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ದು, ತೋರಿಸಿ, ಆಯುಷ್ಯ ಬೇಡಿ ತರಬೇಕು. 2018ರಲ್ಲಿ ಒಮ್ಮೆ ತಂದಿದ್ದೆ. 2023 ಬರುವಷ್ಟರಲ್ಲಿ ಬಿಸಿಲು ಮತ್ತು ಹಕ್ಕಿಗಳು ತಮ್ಮ ಕೆಲಸ ಮುಗಿಸಿದ್ದವು. ಮನೆಯ ಮುಂದಿನ ಹೊಂಗೆಮರದ ನೆರಳಿಗೆಂದು ನಿಲ್ಲಿಸುತ್ತಿದ್ದೆ. ಹಿಕ್ಕೆ ಬಿಸಿಲಿಗೆ ಬೆಂದು ಬಣ್ಣವನ್ನೇ ತಿನ್ನುತ್ತದೆ ಎಂದು ತಿಳಿಯುವಷ್ಟರಲ್ಲಿ ಕಾರಿನ ನೆತ್ತಿಯ ಮೇಲೆ ಸಪ್ತದ್ವೀಪಗಳ ಭೂಪಟ ಮೂಡಿತ್ತು.

"ನಾನೇ ಹೊಡೆಯುತ್ತೇನೆ" ಎಂದೆ.

"ರೀ, ನೀವು ಬಣ್ಣ ಹೊಡೆದ ಅಡುಗೆಮನೆಯ ಕಿಟಕಿ ಇವತ್ತಿಗೂ ತೆರೆಯುವುದಿಲ್ಲ" ಎಂದಳು ಹೆಂಡತಿ. ಶುದ್ಧ ಸುಳ್ಳು. ಒಂದು ಬಾಗಿಲು ತೆರೆಯುತ್ತದೆ.

ನನಗೆ ಮೋಡದ ನೀಲಿಯ ಆಸೆಯಿತ್ತು. ಆದರೆ ಬಣ್ಣ ಬದಲಿಸಿದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿಯೂ ಬದಲಿಸಬೇಕು. ಆರ್‌ಸಿಯಲ್ಲಿ ಬಿಳಿ ಎಂದಿತ್ತು. ಸರಿ, ಬಿಳಿಯೇ ಎಂದು ಅಂಗಡಿಗೆ ಹೋಗಿ "ಬಿಳಿ ಕೊಡಿ" ಎಂದೆ. "ಬಿಳಿಯಲ್ಲಿ ಎಷ್ಟು ಬಿಳಿ, ಸ್ವಾಮಿ?" ಎಂದು ಆತ ಮರುಪ್ರಶ್ನೆ ಹಾಕಿದ. ಸುಣ್ಣದ ಬಿಳಿ, ಹಾಲಿನ ಬಿಳಿ, ಮಜ್ಜಿಗೆಯ ಬಿಳಿ, ಹಿಂದಿನ ದಿನದ ಇಡ್ಲಿಯ ಬಿಳಿ, ಎಲ್ಲವೂ ಅವನಲ್ಲಿದ್ದವು. ಕೊನೆಗೆ ಪೆಟ್ರೋಲ್ ತುಂಬಿಸುವ ಕಡೆಯ ಮುಚ್ಚಳವನ್ನು ಬಿಚ್ಚಿಕೊಂಡು ಬರಲು ಹೇಳಿದ. ಬಣ್ಣ ಹೊಂದಿಸುವವರೆಲ್ಲ ಮೊದಲು ಕೇಳುವುದು ಅದನ್ನಂತೆ. ಅದರ ಒಳಮೈ ಬಿಸಿಲನ್ನೇ ಕಂಡಿರುವುದಿಲ್ಲ. ಬಿಚ್ಚಿ ತಿರುಗಿಸಿ ನೋಡಿದೆ. ನಮ್ಮ ಕಾರು ಇಪ್ಪತ್ತು ವರ್ಷದ ಹಿಂದೆ ಇಷ್ಟು ಬೆಳ್ಳಗಿತ್ತೇ ಎಂದು ಗಂಟಲು ಕಟ್ಟಿತು. ಮದುವೆಯ ಆಲ್ಬಮ್ ನೋಡುವಾಗಲೂ ನನಗೆ ಹೀಗೆಯೇ ಆಗುತ್ತದೆ.

ಬಣ್ಣ ಹೊಡೆಯುವುದು ಒಂದು ದಿನದ ಕೆಲಸ, ಉಜ್ಜುವುದು ಎಂಟು ದಿನದ್ದು. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಮೊದಲು ಒರಟು, ಆಮೇಲೆ 400ರದು, ಆಮೇಲೆ 800ರದು ಎಂದು ಉಜ್ಜುತ್ತಲೇ ಇರಬೇಕು. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ, ಮನುಷ್ಯ ಒರಟು. ಐದನೆಯ ದಿನ ನನ್ನ ಮೊಬೈಲೇ ನನ್ನ ಹೆಬ್ಬೆರಳನ್ನು ಗುರುತಿಸಲು ನಿರಾಕರಿಸಿತು. ಅಷ್ಟಾದರೆ ಸಹಿಸಬಹುದಿತ್ತು. ಹಿಂಬದಿಯ ಎಡ ಮೂಲೆಯನ್ನು ಉಜ್ಜುತ್ತಿದ್ದಾಗ ಬಿಳಿಯ ಅಡಿಯಿಂದ ಸೆಟ್ ದೋಸೆಯಷ್ಟು ದಪ್ಪದ, ದೋಸೆಯಷ್ಟೇ ಅಗಲದ, ತಗ್ಗು ಮುಚ್ಚಲು ಮೆತ್ತುವ ಬೂದು ಪುಟ್ಟಿ ಮೇಲೆದ್ದಿತು. 2009ರಲ್ಲಿ ಹೆಂಡತಿ ತವರಿಗೆ ಹೋಗಿದ್ದಾಗ ಗೇಟಿನ ಕಂಬಕ್ಕೆ ಗುದ್ದಿ, ಅವಳು ಬರುವ ಮುನ್ನ ಗುಟ್ಟಾಗಿ ಮೆತ್ತಿಸಿದ್ದು. ಕಾಫಿ ಲೋಟ ಹಿಡಿದು ಬಂದವಳು ದೋಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತಿರುಗಿ ಗೇಟಿನ ಕಂಬವನ್ನು ನೋಡಿದಳು. "ಆ ಕಂಬ ವಾಲಿದ್ದು ಹಾಲಿನವನ ಸೈಕಲ್ಲಿನಿಂದ ಅಲ್ಲವೇ?" ಎಂದು ಕೇಳಿದಳು. ಹದಿನಾಲ್ಕು ವರ್ಷದಿಂದ ಆ ಪಾಪದ ಮನುಷ್ಯನನ್ನು ಅವಳು ಮಾತನಾಡಿಸಿರಲಿಲ್ಲ.

ಗಾಜು, ದೀಪಗಳಿಗೆ ಕಾಗದ ಮುಚ್ಚುವ ಕೆಲಸ ನನಗೆ ಇಷ್ಟವಾಯಿತು. ನಮ್ಮಲ್ಲಿ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕುವುದಿಲ್ಲ, ಹಾಕಲು ನಾನು ಬಿಡುವುದಿಲ್ಲ. "ಎಂದಾದರೂ ಬೇಕಾಗುತ್ತದೆ" ಎಂಬ ನನ್ನ ಮಾತು ಕೊನೆಗೂ ನಿಜವಾಯಿತು ಎಂಬ ಹಿಗ್ಗಿನಲ್ಲಿ ಒಂದು ಕಟ್ಟು ಬಿಚ್ಚಿದೆ. ಹಿಂದಿನ ಗಾಜು ಮುಚ್ಚಲು ಒಂದೂವರೆ ಗಂಟೆ ಹಿಡಿಯಿತು. ಅಂಟಿಸಿದ್ದು ಹತ್ತು ನಿಮಿಷ, ಮಿಕ್ಕದ್ದು ಓದಿದ್ದು. ಅರ್ಧಕ್ಕೆ ಬಿಟ್ಟಿದ್ದ ಪದಬಂಧವೊಂದನ್ನು ಗಾಜಿನ ಮೇಲೆಯೇ ತುಂಬಿಸುತ್ತಿದ್ದಾಗ ಹೆಂಡತಿ ಕೆಮ್ಮಿದಳು. ಅಂದಿನಿಂದ ಓದುವ ಚಪಲಕ್ಕೆ ಮದ್ದೆಂದು ಹಾಳೆಗಳನ್ನೆಲ್ಲ ತಲೆಕೆಳಗಾಗಿ ಅಂಟಿಸಿದೆ. ಮುಂದಿನ ದೊಡ್ಡ ಗಾಜಿಗೂ ಹಾಗೆಯೇ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬಣ್ಣ ಹೊಡೆಯುವ ದಿನ ಬೆಳಗ್ಗೆ ಬಾಡಿಗೆಯ ಕಂಪ್ರೆಸರ್, ಬಣ್ಣ ಚಿಮ್ಮಿಸುವ ಗನ್ನು ಬಂದವು. ಧೂಳು ಏಳದಂತೆ ಹೆಂಡತಿ ರಂಗೋಲಿಗೆ ಚಿಮುಕಿಸುವ ಹಾಗೆ ಸುತ್ತ ನೀರು ಚಿಮುಕಿಸಿದಳು. ಬಣ್ಣ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್‌ನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಕೊರೊನಾ ಕಾಲದ ಮಾಸ್ಕ್ ಸಾಲದು ಎಂದು ಅಂಗಡಿಯವನು ಮೂತಿಗೆ ಎರಡು ಡಬ್ಬಿ ಕೂರಿಸಿದಂಥ ಮಾಸ್ಕ್ ಕೊಟ್ಟಿದ್ದ. ಅದನ್ನು ಹಾಕಿಕೊಂಡು ಗೇಟಿನ ಬಳಿ ನಿಂತಾಗ ಹೂವಿನವಳು ಮೊಳ ಅಳೆಯದೆ ಹೂವು ಇಟ್ಟು ಹೋದಳು. ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ಹಾರ್ಡನರ್, ಹದಕ್ಕೆ ತಿನ್ನರ್. ಒಮ್ಮೆ ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಇದನ್ನು ನಾನು ನಂಬಿರಲಿಲ್ಲ. ಕಲಕಲೆಂದು ಅಡುಗೆಮನೆಯಿಂದ ತಂದ ಮರದ ಸೌಟು ಇಂದಿಗೂ ಆ ಡಬ್ಬಿಯ ನಡುವೆ ನೆಟ್ಟಗೆ ನಿಂತಿದೆ.

ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿಯಬೇಕು, ಕೈ ಎಲ್ಲಿಯೂ ನಿಲ್ಲಬಾರದು. ಹತ್ತಿರ ಹಿಡಿದರೆ ಬಣ್ಣ ಇಳಿಯುತ್ತದೆ, ದೂರ ಹಿಡಿದರೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಗುತ್ತದೆ. ನಮ್ಮ ಬಲಬಾಗಿಲಲ್ಲಿ ಎರಡನ್ನೂ ಕಾಣಬಹುದು. ಗಾಳಿಗೆ ತೇಲಿಹೋದ ಬಣ್ಣವೆಲ್ಲ ಪಕ್ಕದ ಮನೆಯ ಮೇಷ್ಟ್ರ ಕಪ್ಪು ಸ್ಕೂಟರಿನ ಮೇಲೆ ಕೂತು ಅಮಾವಾಸ್ಯೆಯ ಆಕಾಶದಂತಾಗಿತ್ತು. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಇದು ಕೃತ್ತಿಕೆಯೇ, ರೋಹಿಣಿಯೇ?" ಎಂದು ಕೇಳಿ ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆದರೂ ಬಾನೆಟ್ಟು ಮಾತ್ರ ಅದ್ಭುತವಾಗಿ ಬಂದಿತ್ತು. ಹೊಂಗೆಯ ಕೊಂಬೆ ಅದರಲ್ಲಿ ಕಾಣುತ್ತಿತ್ತು. ನೋಡು ಬಾ ಎಂದು ಹೆಂಡತಿಯನ್ನು ಕರೆದೆ. ಅವಳು ಹೊಸಿಲು ದಾಟುವಷ್ಟರಲ್ಲಿ ಗಾಳಿ ಬೀಸಿತು. ಮುಂದಿನ ಗಾಜಿನ ಹಾಳೆಯ ಮೇಲಂಚಿನ ಟೇಪು ಚರ್ ಎಂದು ಬಿಟ್ಟುಕೊಂಡಿತು. ಕೆಳಅಂಚು ಅಂಟಿಕೊಂಡೇ ಇದ್ದುದರಿಂದ ಹಾಳೆ ಮುಂದಕ್ಕೆ ಮಗುಚಿ, ಹಸಿ ಬಾನೆಟ್ಟಿನ ಮೇಲೆ ಬೋರಲು ಬಿದ್ದು, ಅಪ್ಪಿಕೊಂಡಿತು. ಕಿತ್ತೆ. ತಿನ್ನರ್ ಪತ್ರಿಕೆಯ ಶಾಯಿಯನ್ನು ಕರಗಿಸುತ್ತದೆ, ಕಸಬುದಾರರು ಇದಕ್ಕೇ ಅಚ್ಚಿಲ್ಲದ ಕಾಗದ ಬಳಸುತ್ತಾರೆ ಎಂಬುದು ನನಗೆ ಗೊತ್ತಾದದ್ದು ಆಗ. ಹೊಸ ಬಿಳಿಯ ಮೇಲೆ ಅಚ್ಚ ಕಪ್ಪಿನಲ್ಲಿ, ಕನ್ನಡಿಯೊಳಗಿನ ಅಕ್ಷರಗಳಂತೆ ಎಡಬಲವಾಗಿ, ಒಂದು ದಪ್ಪ ಶೀರ್ಷಿಕೆ ಮೂಡಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರಗಳು. ಉಜ್ಜಲು ಹೋದರೆ ಬಿಳಿಯೇ ಎದ್ದು ಬಂತು. "ಸಾಕು, ಮುಟ್ಟಬೇಡಿ" ಎಂದಳು.

ಎರಡು ದಿನ ಒಣಗಲು ಬಿಟ್ಟು ಅದೇ ಟಿಂಕರಿಂಗ್ ಅಂಗಡಿಗೆ ಹೊರಟೆವು. ಈ ಸಲ ಲೆಕ್ಕ ಮಾತನಾಡುವವಳು ತಾನೇ ಎಂದು ಅವಳೂ ಪಕ್ಕದಲ್ಲಿ ಕೂತಳು. ಸಿಗ್ನಲ್ಲಿನಲ್ಲಿ ಕೆಂಪು ದೀಪ, ತೊಂಬತ್ತು ಸೆಕೆಂಡು. ಮುಂದೊಂದು ಆಟೊ. ಅದರ ಚಾಲಕ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಮತ್ತೆ ನೋಡಿದ. ಕನ್ನಡಿಯನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ, ತುಟಿ ಅಲ್ಲಾಡಿಸುತ್ತ ಓದತೊಡಗಿದ. ತಲೆಕೆಳಗಾಗಿ ಅಂಟಿಸಿದ್ದ ಹಾಳೆ, ಮಗುಚಿ ಬಿದ್ದು, ಕನ್ನಡಿಯಲ್ಲಿ ಸರಿಯಾಗಿಬಿಟ್ಟಿತ್ತು. ಆಂಬುಲೆನ್ಸಿನ ಮೇಲೆ ಬರೆಸಿರುತ್ತಾರಲ್ಲ, ಹಾಗೆ. ಆತ ಆಟೊದಿಂದ ಇಳಿದು ನೇರವಾಗಿ ನಮ್ಮ ಬಳಿಗೆ ಬಂದ. ನನ್ನ ಬೋಳುತಲೆಯನ್ನೊಮ್ಮೆ, ನನ್ನ ಹೆಂಡತಿಯನ್ನೊಮ್ಮೆ ನೋಡಿ, ಅವಳ ಕಡೆಯ ಕಿಟಕಿಗೆ ಬಗ್ಗಿ ವಿನಯದಿಂದ ಕೇಳಿದ:

"ವಧು ಬೇಕಾಗಿದ್ದಾಳೆ ಎಂದು ಇದೆಯಲ್ಲ ಅಮ್ಮ, ಹುಡುಗ ಯಾರು?"

ಅವಳು ಉತ್ತರಿಸದೆ ಗಾಜು ಏರಿಸಲು ಹಿಡಿಕೆ ತಿರುಗಿಸಿದಳು. ಗಾಜು ಅಲ್ಲಾಡಲಿಲ್ಲ. ಅಡುಗೆಮನೆಯ ಕಿಟಕಿಯ ಹಾಗೆಯೇ ಅದೂ ಬಣ್ಣಕ್ಕೆ ಅಂಟಿಕೊಂಡಿತ್ತು. ಸಿಗ್ನಲ್ಲಿನಲ್ಲಿ ಇನ್ನೂ ಅರವತ್ತೆರಡು ಸೆಕೆಂಡು ಬಾಕಿ ಇತ್ತು.