ಮುಂದೆ ಕ್ಯಾಮೆರಾ ಇದೆ ಎಂದು ಮೊಬೈಲ್ ಹೇಳಬಹುದೇ?

ಪರ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಮದ್ದೂರು ದಾಟುವಾಗ ಮಳೆ ಹಿಡಿದು, ಎಡಕ್ಕೊಂದು ಲಾರಿ ಅಡ್ಡವಾದರೆ ರಸ್ತೆ ಬದಿಯ ಫಲಕ ಕಾಣುವುದೇ ಇಲ್ಲ. ಆಗ ಮೊಬೈಲಿನ ಆ್ಯಪ್ ‘ಮುಂದೆ ವೇಗ ಅಳೆಯುವ ಕ್ಯಾಮೆರಾ’ ಎಂದರೆ ಆಕ್ಸಿಲರೇಟರ್ ಮೇಲಿನ ಕಾಲು ತಾನಾಗಿ ಸಡಿಲವಾಗುತ್ತದೆ. ಇದರಲ್ಲಿ ಕಳ್ಳತನವೇನಿದೆ? ಕ್ಯಾಮೆರಾ ಕಣ್ಗಾವಲಿನ ರಸ್ತೆಗೆ ಮೊದಲೇ ಎಚ್ಚರಿಕೆಯ ಫಲಕ ಹಾಕಬೇಕೆಂದು ಕೇಂದ್ರ ಮೋಟಾರು ವಾಹನಗಳ 167ಎ ನಿಯಮವೇ 2021ರಿಂದ ಹೇಳುತ್ತಿದೆ. ಫಲಕ ಹೇಳಬೇಕಾದುದನ್ನು ಮೊಬೈಲ್ ಹೇಳುತ್ತದೆ, ಅಷ್ಟೆ.

ನಂಬರ್ ಪ್ಲೇಟಿಗೆ ಮಣ್ಣು ಮೆತ್ತುವುದು, ಒಂದು ಅಂಕಿಯ ಮೇಲೆ ಸ್ಟಿಕ್ಕರ್ ಅಂಟಿಸುವುದು ಬೇರೆ ಮಾತು. ಅದು ಅಪರಾಧ, ಹಾಗೆ ಮಾಡಿದವನು ಗುದ್ದಿ ಓಡಿಹೋದರೆ ಹಿಡಿಯುವುದೂ ಕಷ್ಟ. ಅವನನ್ನೂ ಎಚ್ಚರಿಕೆ ಕೇಳಿ ನಿಧಾನವಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ವೇಗ ಮೀರಿದ ಕಾರಿಗೆ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ 1,000ದಿಂದ 2,000 ರೂಪಾಯಿ ದಂಡ ಇಟ್ಟಿರುವುದು ವೇಗ ತಗ್ಗಿಸಲು, ಬೊಕ್ಕಸ ತುಂಬಲು ಅಲ್ಲವಲ್ಲ?

ವಿರೋಧ

ಪಕ್ಕದ ಸೀಟಿನಲ್ಲಿ ಕೂತು ಸ್ಪೀಡೋಮೀಟರ್ ನೋಡಿದವರಿಗೆ ಇದು ಗೊತ್ತು. 135ರಲ್ಲಿದ್ದ ಮುಳ್ಳು ಮೊಬೈಲ್ ಎಚ್ಚರಿಸಿದೊಡನೆ 98ಕ್ಕೆ ಬೀಳುತ್ತದೆ. ಕ್ಯಾಮೆರಾ ದಾಟಿ ಅರೆ ನಿಮಿಷವಾಗಿರುವುದಿಲ್ಲ, ಮತ್ತೆ 130. ಹಿಂದೆ ಬರುತ್ತಿರುವವನು ಆ ದಿಢೀರ್ ಬ್ರೇಕಿಗೆ ಸಿದ್ಧನಿರುವುದಿಲ್ಲ. 100ರ ಬದಲು 140ರಲ್ಲಿರುವ ಕಾರು ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಹೆಚ್ಚುಕಡಿಮೆ ಇಮ್ಮಡಿ ದೂರ ಕೇಳುತ್ತದೆ. ಎದುರಿಗೆ ಕೆಟ್ಟು ನಿಂತ ಟೆಂಪೊ ಇದ್ದರೆ ಆ ದೂರ ಎಲ್ಲಿಂದ ತರುವುದು?

167ಎ ನಿಯಮದ ಆಸರೆಯೂ ಇಲ್ಲಿ ನಿಲ್ಲುವುದಿಲ್ಲ. ಈ ರಸ್ತೆಯ ಭಾಗ ಕಣ್ಗಾವಲಿನಲ್ಲಿದೆ ಎಂದು ತಿಳಿಸಿ ಎನ್ನುತ್ತದೆಯೇ ಹೊರತು, ಕ್ಯಾಮೆರಾ ಯಾವ ಕಂಬದಲ್ಲಿದೆ ಎಂದು ಮೀಟರ್ ಲೆಕ್ಕದಲ್ಲಿ ತೋರಿಸಿ ಎನ್ನುವುದಿಲ್ಲ. ಜರ್ಮನಿಯಲ್ಲಿ ಚಾಲಕ ಇಂಥ ಆ್ಯಪ್ ಬಳಸಿದರೆ 75 ಯೂರೊ ದಂಡ, ಜತೆಗೆ ಅವನ ಚಾಲನಾ ದಾಖಲೆಗೆ ತಪ್ಪಿನ ಲೆಕ್ಕದ ಒಂದು ಪಾಯಿಂಟ್. ನನಗೆ ಹೆಚ್ಚು ಹಿಡಿಸುವುದು ಫ್ರಾನ್ಸಿನ ದಾರಿ: ಅಲ್ಲಿ ಉಪಕರಣಗಳು ‘ಅಪಾಯದ ವಲಯ’ ಎಂದಷ್ಟೇ ಹೇಳಬಹುದು, ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಆ ವಲಯ 4 ಕಿ.ಮೀ. ಉದ್ದ. ಅಷ್ಟು ದೂರವೂ ಕಾಲು ಹಿಡಿತದಲ್ಲಿರಬೇಕು.

ಎರಡು ಕ್ಯಾಮೆರಾಗಳ ನಡುವಿನ ಸರಾಸರಿ ವೇಗವನ್ನೇ ಅಳೆದರೆ ಇನ್ನೂ ಒಳ್ಳೆಯದು. 20 ಕಿ.ಮೀ. ದಾಟಲು 100ರ ವೇಗದಲ್ಲಿ 12 ನಿಮಿಷ ಬೇಕು. 9 ನಿಮಿಷಕ್ಕೇ ಬಂದವನ ಸರಾಸರಿ 133. ಆ ಅಳತೆ ಹೆದ್ದಾರಿಯುದ್ದಕ್ಕೂ ಬರುವವರೆಗೆ, ಕ್ಯಾಮೆರಾದ ನಿಖರ ಜಾಗ ಸಾರುವುದನ್ನು ನಮ್ಮಲ್ಲೂ ನಿಲ್ಲಿಸಬೇಕು.