ಕೋಲಾರದ ಟೊಮೆಟೊ ಬೆಳೆಯೋದು ಚರಂಡಿ ನೀರಲ್ಲಾ?

"ಕೋಲಾರದ ಟೊಮೆಟೊ ತಿನ್ನಬೇಡಿ, ಬೆಂಗಳೂರಿನ ಚರಂಡಿ ನೀರಲ್ಲಿ ಬೆಳೆಯೋದು, ಬರೀ ಸೀಸ" ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ.

2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆ ನೀರೇ, ಆದರೆ ಎರಡು ಹಂತದಲ್ಲಿ ಶುದ್ಧೀಕರಿಸಿದ್ದು. ಉದ್ದೇಶ ಅಂತರ್ಜಲ ಹೆಚ್ಚಿಸುವುದು. ಕೆರೆಗೆ ಮೋಟರ್ ಇಟ್ಟು ಹೊಲಕ್ಕೆ ಹಾಯಿಸುವಂತಿಲ್ಲ, ಬೋರ್‌ವೆಲ್‌ನಿಂದಲೇ ಎತ್ತಬೇಕು. (ಕದ್ದು ಪಂಪ್ ಮಾಡುವವರು ಇಲ್ಲವೇ ಇಲ್ಲ ಅಂತಲ್ಲ.)

ಹಾಗಂತ ಸುಮ್ನೆ ಹೆದರುತ್ತಾರೆ ಅನ್ನೋದೂ ತಪ್ಪು. ಎರಡನೇ ಹಂತ ಮುಗಿದ ಮೇಲೂ ಸಾರಜನಕ, ರಂಜಕ, ಒಂದಷ್ಟು ರೋಗಾಣು ಉಳಿಯುತ್ತವೆ. 2018ರಲ್ಲೇ ಈ ನೀರು ಬಂದ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತ್ತು, ನೆನಪಿದೆ ಅಲ್ವಾ? ಉಳಿದ ಇವನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣವೂ ಬೇಕು ಅನ್ನುವ ಕೋಲಾರದವರ ಬೇಡಿಕೆ ನ್ಯಾಯವಾದದ್ದೇ.

ಯಾವ ಬೆಳೆ ಅನ್ನುವುದೂ ಮುಖ್ಯ. ಕೋಲು ಕಟ್ಟಿ, ಡ್ರಿಪ್ ಹಾಕಿ ಬೆಳೆದ ಟೊಮೆಟೊ ಹಣ್ಣಿಗೆ ನೀರು ತಾಗುವುದೇ ಕಡಿಮೆ. ನೆಲಕ್ಕಂಟಿ ಬೆಳೆಯುವ ಕೊತ್ತಂಬರಿ, ಹಸಿಯಾಗಿ ತಿನ್ನುವ ಮೂಲಂಗಿಗೆ ಅಪಾಯ ಜಾಸ್ತಿ.

ಸೀಸದಂಥ ಲೋಹದ ಭಯ ನಿಜವಾಗಿ ಇರುವುದು ಬೆಂಗಳೂರಿನ ವೃಷಭಾವತಿ ನದಿಯಂಥ ಕಡೆ. ಅಲ್ಲಿ ಕಾರ್ಖಾನೆ ಕೊಳಚೆ ಸೇರಿದ ನೀರನ್ನು ಶುದ್ಧ ಮಾಡದೆ ಸೊಪ್ಪಿನ ಮಡಿಗಳಿಗೆ ಹಾಯಿಸುತ್ತಾರೆ. ಆ ಸೊಪ್ಪನ್ನು ಉಪ್ಪುನೀರಲ್ಲಿ ಎಷ್ಟು ತೊಳೆದರೂ ಒಳಗೆ ಸೇರಿದ ಲೋಹ ಹೋಗುವುದಿಲ್ಲ.