ಹೊಳೆದಂಡೆಯ ಅಕ್ಕಿ ಗಿರಣಿ ಮನೆಗಳಾಗಬೇಕೇ?

ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯ ನಮ್ಮ ಊರಿನ ಅಕ್ಕಿ ಗಿರಣಿಗೆ ಬೀಗ ಬಿದ್ದು ಹದಿನೈದು ವರ್ಷಗಳಾದವು. ಅದನ್ನು ಎಂಟು ಮನೆಗಳಾಗಿ ಮಾರ್ಪಡಿಸುವ ಯೋಚನೆ ಈಗ ಗ್ರಾಮಸಭೆಯ ಮುಂದಿದೆ. ಊರಿನ ಇಬ್ಬರು ತಮ್ಮ ಮಾತನ್ನು ಇಲ್ಲಿ ಬರೆದಿದ್ದಾರೆ.

ಪರ: ಮಾಡು ಕುಸಿಯುವ ಮೊದಲು ಒಲೆ ಉರಿಯಲಿ

ಆ ಗಿರಣಿಯ ಅಂಗಳದಲ್ಲಿ ಭತ್ತ ಕಾಯುತ್ತ ಬೆಳೆದವಳು ನಾನು. ಬೇಯಿಸಿದ ಭತ್ತವನ್ನು ಬಿಸಿಲಿಗೆ ಹರವಿದರೆ ಕಾಗೆ, ಕೋಳಿಗಳನ್ನು ಓಡಿಸುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಅಮ್ಮ ಒಳಗೆ ಗೆರಸಿ ಹಿಡಿದು ನುಚ್ಚು ಕೇರುತ್ತಿದ್ದಳು. ಸಂಜೆ ಅವಳ ತಲೆಗೂದಲಿನ ತುಂಬ ತೌಡು. ಆ ಕಟ್ಟಡದ ಮೇಲೆ ನನಗೆ ಇರುವಷ್ಟು ಪ್ರೀತಿ ಇನ್ನೊಬ್ಬರಿಗೆ ಇದೆಯೆಂದು ನಾನು ಒಪ್ಪುವುದಿಲ್ಲ. ಅದಕ್ಕಾಗಿಯೇ ಅಲ್ಲಿ ಮನೆಗಳಾಗಲಿ ಎನ್ನುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಂಚಿನ ಮಾಡಿಗೆ ಪ್ರತಿ ಮೇ ತಿಂಗಳಲ್ಲಿ ಕೈಯಾಡಿಸದಿದ್ದರೆ ಉಳಿಗಾಲವಿಲ್ಲ. ಮೊದಲು ಎರಡು ಹಂಚು ಜಾರುತ್ತವೆ. ಮುಂದಿನ ವರ್ಷ ರೀಪು ಕೊಳೆಯುತ್ತದೆ, ಆಮೇಲೆ ಪಕಾಸು. ಕೊನೆಗೆ ಗೋಡೆಯ ತಲೆಗೆ ನೀರು ಇಳಿದು ಚಿರೆಕಲ್ಲುಗಳ ನಡುವಿನ ಮಣ್ಣು ಕರಗತೊಡಗುತ್ತದೆ. ಆದಾಯವಿಲ್ಲದ ಕಟ್ಟಡದ ಮಾಡಿಗೆ ಏಣಿ ಹಚ್ಚುವವರು ಯಾರು? ಗಿರಣಿಯ ಪಡುವಣ ಮೂಲೆಯಲ್ಲಿ ಈಗಾಗಲೇ ಆಕಾಶ ಕಾಣುತ್ತಿದೆ. ಮನುಷ್ಯರು ವಾಸವಿದ್ದರೆ ಮೊದಲ ಹನಿ ಸೋರಿದ ದಿನವೇ ಯಾರಾದರೂ ಮೇಲೆ ಹತ್ತುತ್ತಾರೆ.

ಇನ್ನು ಜಾಗದ ಮಾತು. ನಮ್ಮ ಜಿಲ್ಲೆಯ ನೆಲದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಅರಣ್ಯ. ಉಳಿದ ಪಟ್ಟಿಯಲ್ಲಿಯೇ ಗದ್ದೆ, ತೋಟ, ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ), ಹೆದ್ದಾರಿ, ರೈಲು ಎಲ್ಲವೂ ಇಕ್ಕಟ್ಟಾಗಿ ಕುಳಿತಿವೆ. ನಮ್ಮ ಕೇರಿಯಲ್ಲಿ ಅಣ್ಣತಮ್ಮಂದಿರ ಸಂಸಾರ ಬೇರೆಯಾದಾಗ ಹೊಸ ಮನೆಗೆ ಉಳಿಯುವ ದಾರಿ ಎರಡೇ: ಗದ್ದೆಗೆ ಮಣ್ಣು ತುಂಬುವುದು, ಇಲ್ಲವೇ ಗುಡ್ಡದ ಬುಡ ಕೊರೆಯುವುದು. ಗುಡ್ಡದ ಬುಡದಲ್ಲಿ ಬದುಕುವುದೆಂದರೆ ಏನೆಂದು 2009ರ ಅಕ್ಟೋಬರ್‌ನಲ್ಲಿ ಗುಡ್ಡ ಕುಸಿದಾಗ ಕಾರವಾರದ ಕಡವಾಡ ಕಂಡಿತು. ಕತ್ತರಿಸಿದ ಗುಡ್ಡ ಏನು ಮಾಡಬಲ್ಲದು ಎಂಬುದನ್ನು 2024ರ ಜುಲೈ 16ರಂದು ಅಂಕೋಲೆಯ ಶಿರೂರು ಕಂಡಿತು. ಜೋರು ಮಳೆಯ ರಾತ್ರಿ ನನ್ನ ತಮ್ಮನ ಹೆಂಡತಿ ಈಗಲೂ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು ಮಲಗುತ್ತಾಳೆ. ಅವರ ಮನೆಯ ಹಿಂದೆ ಹನ್ನೆರಡು ಅಡಿ ಎತ್ತರದ ಕೆಂಪು ದರೆ ಇದೆ. ಹೀಗಿರುವಾಗ ದಪ್ಪ ಗೋಡೆಯ, ಗಟ್ಟಿ ಅಡಿಪಾಯದ ದೊಡ್ಡ ಕಟ್ಟಡವೊಂದು ಊರ ನಡುವೆ ಹಾವು, ಬಾವಲಿಗಳಿಗೆ ಬಿಟ್ಟುಕೊಂಡು ಬಿದ್ದಿರುವುದನ್ನು ನಾನು ಹೇಗೆ ನೋಡಲಿ?

ಮಾರ್ಪಾಡು ಹೇಗಿರಬೇಕು ಎಂಬುದರ ಬಗ್ಗೆ ನನಗೆ ಹಟವಿದೆ. ಮಾಡು ತೆಗೆದು ಸ್ಲ್ಯಾಬ್ ಹಾಕಬಾರದು. ಒಳಗೆ ಹಗುರ ಗೋಡೆಗಳಿಂದ ಮನೆಗಳನ್ನು ವಿಂಗಡಿಸಿ, ಮೇಲೆ ಅಲ್ಲಲ್ಲಿ ಗಾಜಿನ ಹಂಚು ಕೂರಿಸಿದರೆ ಬೆಳಕು ತಾನಾಗಿ ಬರುತ್ತದೆ. ಚಿರೆಕಲ್ಲಿಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಹುಡಿಯಾಗುತ್ತದೆ, ಆದ್ದರಿಂದ ಸುಣ್ಣದ ಗಾರೆಯೇ ಆಗಬೇಕು. ಎಂಜಿನ್ ನಿಂತಿದ್ದ ಕೋಣೆಯ ನೆಲ ಎಣ್ಣೆ ಕುಡಿದಿದೆ. ಅಲ್ಲಿನ ಮಣ್ಣನ್ನು ಅಗೆದು ತೆಗೆಯದೆ ಯಾರೂ ಚಾಪೆ ಹಾಸಬಾರದು. ಭತ್ತ ನೆನೆಹಾಕುತ್ತಿದ್ದ ತೊಟ್ಟಿಗಳನ್ನಂತೂ ಒಡೆಯಲೇಬಾರದು. ನೂರು ಚದರ ಮೀಟರ್ ಮಾಡಿನ ಮೇಲೆ 3000 ಮಿಲಿಮೀಟರ್ ಮಳೆ ಎಂದರೆ ಮೂರು ಲಕ್ಷ ಲೀಟರ್ ನೀರು. ಅದರಲ್ಲಿ ತೊಟ್ಟಿ ಹಿಡಿಯುವಷ್ಟು ಉಳಿದರೂ, ಏಪ್ರಿಲ್ ಬಂತೆಂದರೆ ಬಾವಿಗಳು ಉಪ್ಪಾಗುವ ಹೊಳೆದಂಡೆಯಲ್ಲಿ ಅದು ಅಮೃತ.

ಇನ್ನೊಂದು ಮಾತು, ಇದೇ ಮುಖ್ಯ. ಗೋಕರ್ಣ ನಮಗೆ ಹೊಳೆಯಾಚೆಯ ನೆರೆಯೂರು. ಈ ಎಂಟೂ ಮನೆಗಳು ವಾರಾಂತ್ಯಕ್ಕೆ ಬಂದು ಹೋಗುವವರ ವಸತಿಯಾಗುವುದಾದರೆ ನಾನು ಈ ಪಕ್ಷದಲ್ಲಿಲ್ಲ. ಊರಿನಲ್ಲಿ ಜಾಗವಿಲ್ಲದ ಸಂಸಾರಗಳಿಗೆ, ಬಾಡಿಗೆ ಮನೆ ಸಿಗದೆ ದಿನವೂ ಪೇಟೆಯಿಂದ ಬಸ್ಸಿನಲ್ಲಿ ಬರುವ ಶಾಲೆಯ ಅಕ್ಕೋರಿಗೆ, ಆರೋಗ್ಯ ಕೇಂದ್ರದ ನರ್ಸ್‌ಗೆ ಅವು ಮೊದಲು ಸಿಗಬೇಕು. ಕರಾರುಪತ್ರದಲ್ಲಿ ಹಾಗೆಂದು ಬರೆಸಿಕೊಂಡೇ ಗ್ರಾಮಸಭೆ ಒಪ್ಪಿಗೆ ಕೊಡಲಿ.

ವಿರೋಧ: ಗಜನಿಯಲ್ಲಿ ಇನ್ನೂ ಭತ್ತವಿದೆ

ಮನೆಗಳ ಪರವಾಗಿ ನಮ್ಮೂರ ತಂಗಿ ಮೇಲೆ ಬರೆದದ್ದನ್ನು ಎರಡು ಸಲ ಓದಿದೆ. ಅವಳ ತಮ್ಮನ ಮನೆಯ ಹಿಂದಿನ ದರೆಯನ್ನು ನಾನೂ ಕಂಡಿದ್ದೇನೆ. ಅವರಿಗೆ ಬೇರೆ ಜಾಗ ಬೇಕು, ಬೇಗ ಬೇಕು. ಅದರಲ್ಲಿ ನಮಗಿಬ್ಬರಿಗೂ ಜಗಳವಿಲ್ಲ. ಆದರೆ ಅವಳ ಬರಹದಲ್ಲಿ ಗಿರಣಿಯೆಂದರೆ ಗೋಡೆ, ಮಾಡು, ತೊಟ್ಟಿ. ಭತ್ತದ ಮಾತು ಬಂದದ್ದು ಬಾಲ್ಯದ ನೆನಪಾಗಿ ಮಾತ್ರ.

ನಾನು ಈಗಲೂ ಕಗ್ಗ ಬೆಳೆಯುತ್ತೇನೆ. ಹೊಳೆಯೂ ಸಮುದ್ರವೂ ಕೂಡುವ ಗಜನಿ ಭೂಮಿಯಲ್ಲಿ ಉಪ್ಪುನೀರು ತಡೆದು ನಿಲ್ಲುವ ಭತ್ತ ಅದು. ಗೊಬ್ಬರ ಕೇಳುವುದಿಲ್ಲ, ಔಷಧ ಕೇಳುವುದಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ತಲೆ ಎತ್ತುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟರೆ ಉಳಿದ ಕೂಳೆಯ ನಡುವೆ ಮೀನು, ಸೀಗಡಿ ಬೆಳೆಯುತ್ತವೆ. ಸೀಗಡಿ ಸಾಕಣೆಗೆಂದು ಎಷ್ಟೋ ಗಜನಿಗಳಲ್ಲಿ ಭತ್ತ ನಿಂತೇಹೋಯಿತು. ಮಾಣಿಕಟ್ಟೆಯಂಥ ಕೆಲವು ಊರುಗಳಲ್ಲಿ ಕಗ್ಗದ ಬೀಜ ಉಳಿಯಿತು. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ಮನ್ನಣೆ (ಮಹತ್ವದ ಜೌಗು ಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ) ದೊರೆತಾಗ ಎಲ್ಲರೂ ಹಕ್ಕಿ, ಕಾಂಡ್ಲಾಗಿಡ, ಚಿಪ್ಪಿಕಲ್ಲುಗಳ ಬಗ್ಗೆ ಮಾತನಾಡಿದರು. ಆ ಅಳಿವೆಯ ಅನ್ನದ ಬಗ್ಗೆ ಮಾತನಾಡಿದವರು ಕಡಿಮೆ.

ಈ ಅನ್ನ ಊಟದ ಎಲೆಗೆ ಬರಬೇಕಾದರೆ ಸಣ್ಣ ಗಿರಣಿ ಬೇಕು. ನನ್ನ ಬಳಿ ಇರುವುದು ಹತ್ತೋ ಹದಿನೈದೋ ಚೀಲ. ಹೋದ ವರ್ಷ ಟೆಂಪೋ ಬಾಡಿಗೆ ಕೊಟ್ಟು ದೊಡ್ಡ ಗಿರಣಿಯೊಂದಕ್ಕೆ ಒಯ್ದೆ. ಇಷ್ಟು ಸ್ವಲ್ಪಕ್ಕೆ ಯಂತ್ರ ಹಚ್ಚುವುದಿಲ್ಲ, ಬೇರೆಯವರ ಭತ್ತದ ಜೊತೆ ಬೆರೆಸಿ ನಿಮ್ಮ ತೂಕದ ಅಕ್ಕಿ ಕೊಡುತ್ತೇವೆ ಎಂದರು. ಹಾಗೆ ಬೆರೆಸಿಸುವುದಕ್ಕೆ ನಾನು ಕಗ್ಗ ಏಕೆ ಬೆಳೆಯಬೇಕು? ಚೀಲಗಳನ್ನು ತಿರುಗಿ ತಂದೆ. ಅರ್ಧವನ್ನು ನಮ್ಮ ಮನೆಯಾಕೆ ಹಂಡೆಯಲ್ಲಿ ಬೇಯಿಸಿ ಒಣಗಿಸಿದಳು. ಉಳಿದದ್ದು ದನಕ್ಕೆ ಹೋಯಿತು. ನಮ್ಮೂರಿನಲ್ಲಿ ಗಜನಿ ಪಾಳು ಬೀಳಲು ಕೂಲಿಯಾಳು ಸಿಗದಿರುವುದೊಂದೇ ಕಾರಣವಲ್ಲ. ಗಿರಣಿ ಮುಚ್ಚಿದ ನಂತರದ ಎರಡು ವರ್ಷಗಳಲ್ಲಿ ಮೂರು ಮನೆಯವರು ಭತ್ತ ಬಿಟ್ಟರು. ಅದನ್ನು ನಾನು ಎದುರಿಗೆ ನಿಂತು ಕಂಡಿದ್ದೇನೆ.

ನಮ್ಮ ಗಿರಣಿಯ ಏರ್ಪಾಡು ಎಷ್ಟು ಅಚ್ಚುಕಟ್ಟು ಎಂಬುದನ್ನು ಹೊಸಬರಿಗೆ ಹೇಳಬೇಕು. ಭತ್ತ ದೋಣಿಯಲ್ಲಿ ಬಂದು ನೇರ ಕಟ್ಟೆಗೆ ಇಳಿಯುತ್ತಿತ್ತು, ಗಿರಣಿ ಹೊಳೆದಂಡೆಯಲ್ಲಿ ಇರುವುದೇ ಅದಕ್ಕೆ. ತೊಟ್ಟಿಯಲ್ಲಿ ನೆನೆದು, ಹಬೆಯಲ್ಲಿ ಬೆಂದು, ಅಂಗಳದಲ್ಲಿ ಒಣಗಿ, ಆಮೇಲೆ ಉಮಿ ಬಿಡಿಸುವ ಯಂತ್ರವಾದ ಹಲ್ಲರಿಗೆ. ಹಬೆಯ ಒಲೆಗೆ ಅದೇ ಭತ್ತದ ಉಮಿ. ಹೀಗೆ ಬೇಯಿಸಿದ ಕಾಳು ಗಟ್ಟಿಯಾಗುತ್ತದೆ, ಗಿರಣಿಯಲ್ಲಿ ಕಡಿಮೆ ಮುರಿಯುತ್ತದೆ, ತೌಡಿನ ಸತ್ವದ ಒಂದು ಪಾಲು ಅಕ್ಕಿಯೊಳಗೇ ಇಳಿದು ಉಳಿಯುತ್ತದೆ. ಹಳೆಯ ಹಲ್ಲರ್ ಅಕ್ಕಿಯನ್ನು ಹೆಚ್ಚು ಪುಡಿ ಮಾಡುತ್ತದೆ, ತೌಡನ್ನು ಉಮಿಯ ಜೊತೆ ಕಲಸಿಬಿಡುತ್ತದೆ, ನಿಜ. ಅದರ ಜಾಗಕ್ಕೆ ರಬ್ಬರ್ ರೋಲರಿನ ಸಣ್ಣ ಯಂತ್ರ ಸಾಕು, ಕರೆಂಟಿನಲ್ಲಿ ನಡೆಯುತ್ತದೆ, ಒಂದು ಕೋಣೆಯಲ್ಲಿ ಕೂರುತ್ತದೆ. ತೊಟ್ಟಿಯೂ ಅಂಗಳವೂ ಸಿದ್ಧವಾಗಿವೆ. ಅವನ್ನು ಹೊಸದಾಗಿ ಕಟ್ಟುವ ತಾಕತ್ತು ನಮ್ಮಂಥ ರೈತರಿಗಿಲ್ಲ.

ಮನೆಗಳ ಯೋಜನೆಯಲ್ಲಿ ಮಾಲೀಕರು ಹೇಳದ ತೊಡಕು ಒಂದಿದೆ. ಭರತ ಇಳಿತವಿರುವ ಹೊಳೆಯ ದಂಡೆಗೂ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ದಂಡೆಯಿಂದ ನೂರು ಮೀಟರ್ ಇದ್ದದ್ದು 2019ರದರಲ್ಲಿ ಐವತ್ತಕ್ಕೆ ಇಳಿಯಿತು. ನಮ್ಮ ಗಿರಣಿ ಇರುವುದು ನೀರಿನಿಂದ ಇಪ್ಪತ್ತು ಹೆಜ್ಜೆಯಲ್ಲಿ. ನಿರ್ಮಾಣ ನಿಷೇಧದ ಆ ಪಟ್ಟಿಯೊಳಗೆ ಅಧಿಕೃತವಾಗಿ ಮೊದಲೇ ಇದ್ದ ಕಟ್ಟಡವನ್ನು ದುರಸ್ತಿ ಮಾಡಬಹುದು, ಆದರೆ ಇದ್ದ ಅಡಿಪಾಯದ ಅಳತೆಯನ್ನೂ ಇದ್ದ ಸಾಂದ್ರತೆಯನ್ನೂ ಮೀರುವಂತಿಲ್ಲ. ಯಾರೂ ವಾಸವಿಲ್ಲದ ಗಿರಣಿಯಲ್ಲಿ ಎಂಟು ಸಂಸಾರ ಹೂಡಿದರೆ ಸಾಂದ್ರತೆ ಮೀರಲಿಲ್ಲ ಎಂದು ಯಾವ ಅಧಿಕಾರಿ ಬರೆದುಕೊಟ್ಟಾನು? ಎಂಟು ಶೌಚಾಲಯಗಳ ಗುಂಡಿಗಳನ್ನು ಹೊಳೆಯ ಪಕ್ಕದಲ್ಲಿ ಎಲ್ಲಿ ತೋಡುತ್ತಾರೆ? ಅದೇ ನೀರಿನಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಆರಿಸುತ್ತಾರೆ.

ನೆರೆಯನ್ನು ತಂಗಿ ಮರೆತಳು ಎನ್ನಲಾರೆ, ಅವಳ ಮನಸ್ಸು ಗುಡ್ಡದ ಭಯದಲ್ಲಿತ್ತು. ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿ, ಸಿದ್ದಾಪುರದ ಘಟ್ಟದ ಮೇಲೆ ಬಿದ್ದ ಮಳೆ ನೇರ ನಮ್ಮ ಬಾಗಿಲಿಗೇ ಬರುತ್ತದೆ. ಆ ಹೊತ್ತಿಗೆ ಸಮುದ್ರದಲ್ಲಿ ಭರತವಿದ್ದರೆ ಇಳಿಯಲು ದಾರಿ ಸಿಗದೆ ದಂಡೆ ಏರುತ್ತದೆ. 2019ರ ಆಗಸ್ಟ್‌ನ ಕೆಸರಿನ ಗೆರೆ ಗಿರಣಿಯ ಒಳಗೋಡೆಯ ಮೇಲೆ ನನ್ನ ಸೊಂಟದ ಎತ್ತರದಲ್ಲಿ ಇನ್ನೂ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು. ಭತ್ತದ ಚೀಲಗಳನ್ನು ಅಟ್ಟಕ್ಕೆ ಏರಿಸಬಹುದು. ಹಾಸಿಗೆ ಹಿಡಿದ ಮುದುಕರನ್ನು ನಡುರಾತ್ರಿಯಲ್ಲಿ ಎಲ್ಲಿಗೆ ಏರಿಸುವುದು? ಒಂದು ಭಯದಿಂದ ಬಿಡಿಸಿಕೊಂಡು ಬಂದವರನ್ನು ಇನ್ನೊಂದು ಭಯದ ಬಾಯಿಗೆ ಕೊಡಲು ನನಗೆ ಮನಸ್ಸಿಲ್ಲ.

ಮನೆಗೆ ಜಾಗ ಬೇಡವೇ ಎಂದು ಕೇಳುವವರಿಗೆ ನನ್ನ ಉತ್ತರ ಇದೆ. ಶಾಲೆಯ ಹಿಂದಿನ ಎತ್ತರದ ಬೇಣದಲ್ಲಿ ನಮ್ಮ ಮನೆಯ ಪಾಲಿನ ಆರು ಗುಂಟೆ ಸಮತಟ್ಟಾಗಿದೆ. ನೆರೆಯೂ ಮುಟ್ಟುವುದಿಲ್ಲ, ದರೆಯೂ ಇಲ್ಲ. ಅಣ್ಣತಮ್ಮಂದಿರು ಸಹಿ ಹಾಕಲು ಒಪ್ಪಿದ್ದಾರೆ. ತಂಗಿಯ ತಮ್ಮ ಮೊದಲು ಅಲ್ಲಿ ಅಡಿಪಾಯ ಹಾಕಲಿ, ಬೆಲೆಯ ಮಾತು ಆಮೇಲೆ. ಗಿರಣಿಯ ಪಡುವಣ ಮೂಲೆಗೆ ಬೇಕಾದ ಹಂಚುಗಳನ್ನು ನಾವು ಕಗ್ಗ ಬೆಳೆಯುವ ಏಳು ಮನೆಯವರು ಈ ಮಳೆಗೆ ಮೊದಲೇ ತಂದುಕೊಡುತ್ತೇವೆ. ಗ್ರಾಮಸಭೆಯಲ್ಲಿ ನಾನು ಕೇಳುವುದು ಒಂದು ಕೊಯ್ಲಿನ ಅವಧಿಯನ್ನು ಮಾತ್ರ. ನವೆಂಬರ್‌ನಲ್ಲಿ ಮಾಲೀಕರು ಬೀಗದ ಕೈ ಕೊಡಲಿ. ತೊಟ್ಟಿ ತೊಳೆದು, ಬಾಡಿಗೆ ಯಂತ್ರ ಕೂರಿಸಿ, ಏಳು ಮನೆಗಳ ಭತ್ತವನ್ನು ಅಲ್ಲಿಯೇ ಅಕ್ಕಿ ಮಾಡಿ ತೋರಿಸುತ್ತೇವೆ. ಅಂಗಳದಲ್ಲಿ ಕಾಗೆ ಓಡಿಸಲು ತಂಗಿಯ ಮಗಳೂ ಬರಲಿ.